ಸೌರಬೇಲಿ ಕೈಕೊಟ್ಟಾಗ ಆಸರೆಗೊಂದು ದುರಸ್ತಿ ಪೆಟ್ಟಿಗೆ

ಸಿದ್ಧಕಟ್ಟೆ: ಬಂಟ್ವಾಳದಿಂದ ಮೂಡುಬಿದಿರೆಗೆ ಸಾಗುವ ಈ ಭಾಗದ ಅಡಿಕೆ, ಬಾಳೆ ತೋಟ ಹಾಗೂ ಗದ್ದೆಗಳಿಗೆ ಕಾಡುಹಂದಿ, ಮಂಗಗಳ ಕಾಟ ಹೊಸತಲ್ಲ. ಸೌರಬೇಲಿ ಇದಕ್ಕೊಂದು ಪರಿಹಾರ. ಆದರೆ ಗಾಳಿಮಳೆಯ ರಾತ್ರಿ ಕೆಟ್ಟ ಬೇಲಿಯನ್ನು ಸರಿಪಡಿಸಲು ಮೆಕ್ಯಾನಿಕ್ ಕೂಡಲೇ ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಬೆಳೆ ಉಳಿಸುವ ಆತುರದಿಂದ ಮನೆಯ ವಿದ್ಯುತ್ತನ್ನೇ ತಂತಿಗೆ ಹರಿಸುವುದು ಪ್ರಾಣಕ್ಕೆ ಎರವಾಗುವ ದುಸ್ಸಾಹಸ. ಸಣ್ಣದೊಂದು ದುರಸ್ತಿ ಪೆಟ್ಟಿಗೆ ಸಿದ್ಧವಿದ್ದರೆ ಆ ಪ್ರಮೇಯವೇ ಬಾರದು.

ವ್ಯತ್ಯಾಸವೇನು?

ಸೌರಬೇಲಿಯ ಎನರ್ಜೈಸರ್, 12 ವೋಲ್ಟ್ ಬ್ಯಾಟರಿಯ ವಿದ್ಯುತ್ತನ್ನು ಹಲವು ಸಾವಿರ ವೋಲ್ಟ್‌ಗೆ ಏರಿಸಿ, ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರ ತಂತಿಗೆ ಬಿಡುತ್ತದೆ. ಎರಡು ಆಘಾತಗಳ ನಡುವೆ ಪ್ರಾಣಿ ಬೆದರಿ ಹಿಂದೆ ಸರಿಯಬಲ್ಲುದು. 230 ವೋಲ್ಟ್‌ನ ಮನೆಯ ವಿದ್ಯುತ್ತು ಎಡೆಬಿಡದೆ ಹರಿಯುವುದರಿಂದ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗದೆ ಸಾವು ಸಂಭವಿಸುತ್ತದೆ. ಇದು ಶಿಕ್ಷಾರ್ಹ ಅಪರಾಧವೂ ಹೌದು.

ಪೆಟ್ಟಿಗೆಯಲ್ಲಿ ಏನಿರಬೇಕು?

* ಬೇಲಿಯಲ್ಲಿರುವಷ್ಟೇ ದಪ್ಪದ ಹತ್ತಾರು ಮೀಟರ್ ಸತುಲೇಪಿತ ತಂತಿ ಮತ್ತು ಜೋಡಣೆ ಕ್ಲಾಂಪ್‌ಗಳು. ತಾಮ್ರದ ತಂತಿಯಿಂದ ಜೋಡಿಸಿದರೆ ಆ ಭಾಗ ಬೇಗನೆ ತುಕ್ಕು ಹಿಡಿಯುತ್ತದೆ.
* ಕಂಬಕ್ಕೆ ತಂತಿ ತಾಗದಂತೆ ತಡೆಯುವ ಐದಾರು ಇನ್ಸುಲೇಟರ್‌ಗಳು.
* ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್, ಸ್ಪ್ಯಾನರ್, ಉಜ್ಜುಕಾಗದ, ಟಾರ್ಚ್.
* ಎನರ್ಜೈಸರ್‌ಗೆ ಸೂಚಿಸಿದ ಆಂಪಿಯರ್‌ನ ಫ್ಯೂಸ್‌ಗಳು. ಫ್ಯೂಸಿನ ಬದಲು ತಂತಿ ಸುತ್ತುವುದು ಸಲ್ಲದು.
* ಬೇಲಿಯ ವೋಲ್ಟೇಜ್ ಅಳೆಯುವ ಪ್ರತ್ಯೇಕ ಟೆಸ್ಟರ್. ಮಲ್ಟಿಮೀಟರ್ ಬ್ಯಾಟರಿ ಪರೀಕ್ಷೆಗೆ ಮಾತ್ರ. ಬೇಲಿಯ ತಂತಿಗೆ ತಾಗಿಸಿದರೆ ಅದು ಸುಟ್ಟುಹೋದೀತು.
* ಬಳ್ಳಿ ಸವರಲು ಒಂದು ಕತ್ತಿ.

ದೋಷ ಹುಡುಕುವ ಕ್ರಮ

ಮೊದಲು ಯಂತ್ರವನ್ನು ಆರಿಸಿ ಬ್ಯಾಟರಿ ಪರೀಕ್ಷಿಸಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಇಳಿದಿದ್ದರೆ ಫಲಕದ ಧೂಳು, ಬ್ಯಾಟರಿಯ ತುಕ್ಕು ಹಿಡಿದ ತುದಿಗಳನ್ನು ಗಮನಿಸಿರಿ. ಬ್ಯಾಟರಿ ಸರಿಯಿದ್ದರೆ ಯಂತ್ರದಿಂದ ಬೇಲಿಯ ತಂತಿಯನ್ನು ಬೇರ್ಪಡಿಸಿ, ಯಂತ್ರವನ್ನು ಚಾಲೂ ಮಾಡಿ ಟೆಸ್ಟರ್ ಹಿಡಿಯಿರಿ. ಅಲ್ಲಿ ವೋಲ್ಟೇಜ್ ಇದೆಯಾದರೆ ದೋಷ ಬೇಲಿಯಲ್ಲಿದೆ ಅಥವಾ ನೆಲಸಂಪರ್ಕದಲ್ಲಿದೆ ಎಂದರ್ಥ. ತಂತಿಯನ್ನು ಮರಳಿ ಜೋಡಿಸಿ ಬೇಲಿಯುದ್ದಕ್ಕೂ ನಡೆದರೆ, 'ಟಿಕ್ ಟಿಕ್' ಸದ್ದೇ ಸೋರಿಕೆಯ ಜಾಗವನ್ನು ತಿಳಿಸುತ್ತದೆ. ಅದನ್ನು ಸರಿಪಡಿಸುವ ಮುನ್ನ ಯಂತ್ರ ಆರಿಸಿರಲೇಬೇಕು.

ಋತುವಿಗೆ ತಕ್ಕ ಎಚ್ಚರ

ಮಳೆಗಾಲದಲ್ಲಿ ತಂತಿಗೆ ತಾಗುವ ಹಸಿ ಬಳ್ಳಿಗಳೇ ಮುಖ್ಯ ಶತ್ರು. ಬೇಸಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ನೆಲಸಂಪರ್ಕ ದುರ್ಬಲವಾಗುತ್ತದೆ. ಅರ್ತಿಂಗ್ ಸರಳುಗಳ ಬುಡಕ್ಕೆ ನೀರೆರೆದರೆ ಆಘಾತ ಮತ್ತೆ ಚುರುಕಾಗುತ್ತದೆ. ಸಿಡಿಲಿನ ಲಕ್ಷಣ ಕಂಡರೆ ಮೊದಲೇ ಯಂತ್ರವನ್ನು ತಂತಿಯಿಂದ ಬೇರ್ಪಡಿಸಬೇಕು. ಗುಡುಗು ಆರಂಭವಾದ ಮೇಲೆ ಬೇಲಿಯ ಬಳಿ ಸುಳಿಯಬಾರದು.

ತೋಟವನ್ನು ವಯಸ್ಸಾದ ಹೆತ್ತವರ ಕೈಯಲ್ಲಿ ಬಿಟ್ಟು ನಗರದಲ್ಲಿ ನೆಲೆಸಿದವರು, ಮುಂದಿನ ಸಲ ಊರಿಗೆ ಬರುವಾಗ ಈ ಪೆಟ್ಟಿಗೆಯನ್ನು ತರಲಿ. ಮೆಕ್ಯಾನಿಕನ ದೂರವಾಣಿ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅದರ ಮುಚ್ಚಳಕ್ಕೆ ಅಂಟಿಸಲಿ. ಒಂದೆರಡು ರಾತ್ರಿ ಹಂದಿ ತಿಂದ ಬೆಳೆಯನ್ನು ಮುಂದಿನ ವರ್ಷ ಮತ್ತೆ ಪಡೆಯಬಹುದು. ತಂತಿ ತಾಗಿ ಹೋದ ಜೀವವನ್ನಲ್ಲ.