ಬಿತ್ತನೆಯ ಕಾಳಿನಲ್ಲಿ ಗುಣಗಳು ಬೆರೆಯುವ ಬಗೆ

ಸಂಕರ ತಳಿಯ ಮುಸುಕಿನ ಜೋಳವನ್ನು ಬೆಳೆದು, ಅದೇ ಕಾಳನ್ನು ಮರುವರ್ಷ ಬಿತ್ತಿದರೆ ಪೈರು ಏಕರೀತಿಯಾಗಿ ಬಾರದೆಂಬುದನ್ನು ರೈತರು ಬಲ್ಲರು. ಇದು ನೆಲದ ದೋಷವಲ್ಲ, ಗೊಬ್ಬರದ ದೋಷವೂ ಅಲ್ಲ; ಕಾರಣವು ಕಾಳಿನೊಳಗೇ ಇರುವುದು.

ಗಿಡದ ಗುಣಗಳನ್ನು ಹೊತ್ತಿರುವ ವರ್ಣತಂತುಗಳೆಂಬ ಅತಿಸೂಕ್ಷ್ಮವಾದ ಎಳೆಗಳು ಈ ಪೈರಿನ ಜೀವಕಣದಲ್ಲಿ 10 ಜೊತೆ ಇರುವುವು. ಪ್ರತಿ ಜೊತೆಯಲ್ಲಿಯೂ ಒಂದು ತಂದೆಯ ಕಡೆಯದು, ಒಂದು ತಾಯಿಯ ಕಡೆಯದು. ಪರಾಗವೂ ಅಂಡವೂ ಹುಟ್ಟುವಾಗ ಈ ಜೊತೆಗಳು ಬೇರೆಬೇರೆಯಾಗಿ ಹಂಚಿಹೋಗುವುವು. ಆದರೆ ಅದಕ್ಕೆ ಮುಂಚೆಯೇ ಎರಡೆಳೆಗಳೂ ಒತ್ತಾಗಿ ಸೇರಿ, ಒಂದೇ ನೇರದಲ್ಲಿ ಕಡಿದು, ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುವು. ಎರಡು ಹಗ್ಗಗಳನ್ನು ಸಮನಾಗಿ ಕುಯ್ದು, ಒಂದರ ತುದಿಯನ್ನು ಮತ್ತೊಂದಕ್ಕೆ ಹೊಸೆದು ಕೂಡಿಸಿದಂತೆ.

ಇದು ಬರಿಯ ಊಹೆಯಲ್ಲ. 1931ರಲ್ಲಿ ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾನಿಲಯದ ಹ್ಯಾರಿಯೆಟ್ ಕ್ರೈಟನ್, ಬಾರ್ಬರಾ ಮೆಕ್‌ಕ್ಲಿಂಟಾಕ್ ಎಂಬ ವಿದುಷಿಯರು ಮುಸುಕಿನ ಜೋಳದಲ್ಲಿಯೇ ಇದನ್ನು ತೋರಿಸಿಕೊಟ್ಟರು. ಅವರು ಆರಿಸಿಕೊಂಡ 9ನೆಯ ವರ್ಣತಂತುವಿಗೆ ಒಂದು ತುದಿಯಲ್ಲಿ ಗಂಟು, ಇನ್ನೊಂದರಲ್ಲಿ ಬೇರೆ ತಂತುವಿನ ತುಂಡು ಅಂಟಿದ್ದು, ಸೂಕ್ಷ್ಮದರ್ಶಕದಲ್ಲಿ ಗುರುತು ಸಿಕ್ಕುತ್ತಿತ್ತು. ಕಾಳಿನ ಬಣ್ಣವೂ ಮೇಣದಂತಹ ಹಿಟ್ಟಿನ ಗುಣವೂ ಹೊಸದಾಗಿ ಕೂಡಿಬಂದ ಕಡೆಯಲ್ಲಿ ಆ ಗುರುತುಗಳೂ ಸ್ಥಳ ಬದಲಾಯಿಸಿದ್ದುವು.

ಎಳೆಯಲ್ಲಿ ನೆರೆಹೊರೆಯಾಗಿರುವ ಗುಣಗಳು ಅಪರೂಪವಾಗಿ ಅಗಲುವುವು. ಆದುದರಿಂದಲೇ ಒಳ್ಳೆಯ ಗುಣದ ಬೆನ್ನಿಗಂಟಿದ ಕೆಟ್ಟ ಗುಣವನ್ನು ಬಿಡಿಸಲು ಸಾವಿರಾರು ಗಿಡಗಳನ್ನು ಬೆಳೆಸಿ ಹುಡುಕಬೇಕಾಗುವುದು.

ರಾಗಿಯ ಮಾತು ಬೇರೆ. ಅದರ ಹೂವು ಬಹುಮಟ್ಟಿಗೆ ಸ್ವಂತ ಪರಾಗದಿಂದಲೇ ಕಾಳುಕಟ್ಟುವುದು. ಶುದ್ಧ ತಳಿಯಲ್ಲಿ ಜೊತೆಯ ಎಳೆಗಳೆರಡೂ ಒಂದೇ ತೆರನಾಗಿರುವುದರಿಂದ ತುಂಡುಗಳು ಬದಲಾದರೂ ಭೇದವಿಲ್ಲ. ಅಂತಹ ರಾಗಿಯ ಬಿತ್ತನೆಯನ್ನು ಮನೆಯಲ್ಲಿಯೇ ತೆಗೆದಿಡಬಹುದು; ಸಂಕರ ಜೋಳದ್ದನ್ನು ಮಾತ್ರ ಪ್ರತಿವರ್ಷವೂ ಹೊಸದಾಗಿ ತರಬೇಕು.