ಮೊದಲು ಸೂರು, ಆಮೇಲೆ ಒಳಮನೆ

“ಬಯಲಲ್ಲಿ ಮಲಗೋದಕ್ಕೆ ಅಷ್ಟು ದೂರ ಹೋಗಬೇಕಿತ್ತೇನೋ?” ತೀರ್ಥಹಳ್ಳಿಯಿಂದ ವಿಡಿಯೊ ಕರೆಯಲ್ಲಿ ಅಮ್ಮ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹ್ಯಾರೋದಲ್ಲಿ ನಾನೂ ನನ್ನ ಹೆಂಡತಿಯೂ ಇರುವುದು ನಾಲ್ಕು ಸಂಸಾರಗಳು ಹಂಚಿಕೊಂಡ ಮನೆಯ ಒಂದೇ ಕೋಣೆಯಲ್ಲಿ. ಅಡುಗೆಮನೆಗೆ ಸರದಿ, ರಾತ್ರಿ ಹತ್ತರ ಮೇಲೆ ಪಿಸುಮಾತು. ವಾರಾಂತ್ಯದಲ್ಲಿ ಬೆನ್ನಿಗೆ ಚೀಲ ಏರಿಸಿ ಗುಡ್ಡಗಳತ್ತ ನಡೆಯುವುದೊಂದೇ ನಮಗಿರುವ ವಿಶಾಲವಾದ ಅಂಗಳ. ಅಲ್ಲಿನ ವಸತಿಗೃಹಗಳ ಬಾಡಿಗೆ ನಮ್ಮ ಕೈಗೆಟುಕದು. ಆದ್ದರಿಂದ ಡೇರೆಯ ಯೋಚನೆ ಬಂತು.

ಮೊದಲ ಡೇರೆ ಅಗ್ಗದ್ದು. ತೂಕ ನಾಲ್ಕು ಕಿಲೋ. ಸೆಪ್ಟೆಂಬರಿನ ಒಂದು ಶುಕ್ರವಾರ ಯೂಸ್ಟನ್ನಿನಿಂದ ಪೆನ್ರಿತ್‌ಗೆ ರೈಲು, ಅಲ್ಲಿಂದ ಬಸ್ಸು ಹಿಡಿದು ಲೇಕ್ ಡಿಸ್ಟ್ರಿಕ್ಟಿನ ಬಾರೋಡೇಲ್ ಕಣಿವೆ ಸೇರಿದೆವು. ಇಂಗ್ಲೆಂಡಿನಲ್ಲಿ ಜನವಸತಿಯಿರುವ ಊರುಗಳಲ್ಲೆಲ್ಲ ಅತಿ ಹೆಚ್ಚು ಮಳೆ ಬೀಳುವುದು ಅಲ್ಲಿನ ಸೀತ್‌ವೇಟ್‌ನಲ್ಲಿ ಎನ್ನುತ್ತಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು. ಆಗುಂಬೆಯಲ್ಲಿ ಅದರ ಎರಡು ಪಟ್ಟು ಸುರಿಯುತ್ತದೆ. ಮಲೆನಾಡಿನವನಿಗೆ ಮಳೆಯ ಪಾಠವೇ ಎಂಬ ಜಂಬ ನನಗಿತ್ತು.

ಆ ಡೇರೆಯಲ್ಲಿ ಮೊದಲು ಒಳಬಟ್ಟೆಯನ್ನು ನಿಲ್ಲಿಸಿ, ಅನಂತರ ಮೇಲುಹೊದಿಕೆ ಹಾಕಬೇಕು. ಗಾಳಿಯಲ್ಲಿ ಹೊದಿಕೆಯೊಡನೆ ಹೆಣಗುವಷ್ಟರಲ್ಲಿ ಒಳಗೆಲ್ಲ ನೀರು. ಆಗುಂಬೆಯ ಮಳೆಯಲ್ಲಿ ನೆಂದವನು ಒಲೆಯ ಮುಂದೆ ಕುಳಿತು ಒಣಗುತ್ತಾನೆ. ಇಲ್ಲಿನ ಮಳೆಯ ಜೊತೆ ಚಳಿ ಬರುತ್ತದೆ, ಒಲೆ ಬರುವುದಿಲ್ಲ. ನಡುರಾತ್ರಿ ಹೆಂಡತಿಯ ಸ್ಲೀಪಿಂಗ್ ಬ್ಯಾಗ್ ತೊಯ್ದು ತೊಪ್ಪೆಯಾಗಿತ್ತು. ಅವಳ ಬೆರಳುಗಳು ಬೂಟಿನ ದಾರವನ್ನೂ ಕಟ್ಟಲಾರದಷ್ಟು ಮರಗಟ್ಟಿದ್ದವು. ಶಿಬಿರದ ಮಾಲೀಕರ ಬಾಗಿಲು ತಟ್ಟಿ, ಅವರ ಬೆಚ್ಚನೆಯ ಕೊಟ್ಟಡಿಯಲ್ಲಿ ಬೆಳಗು ಮಾಡಿದೆವು. ಅವಳ ನಡುಕ ನಿಲ್ಲುವವರೆಗಿನ ಆ ಒಂದು ಗಂಟೆಯನ್ನು ನಾನು ಮರೆಯಲಾರೆ.

ಕಥೆ ಕೇಳಿದ ಅಮ್ಮ ಹೇಳಿದ್ದು ಒಂದೇ ಮಾತು: “ಸೋಗೆ ಹೊದಿಸದೆ ಯಾರಾದರೂ ಒಳಗೆ ನೆಲ ಸಾರಿಸ್ತಾರೇನೋ?”

ಎರಡನೆಯ ಡೇರೆಯನ್ನು ಆ ಮಾತನ್ನೇ ಅಳತೆಗೋಲಾಗಿ ಹಿಡಿದು ಆರಿಸಿದೆವು. ಮೇಲುಹೊದಿಕೆ ಮೊದಲು ನಿಲ್ಲುವ, ಇಲ್ಲವೇ ಎರಡೂ ಪದರಗಳು ಕೂಡಿಯೇ ಏಳುವ ಡೇರೆ ಈ ನಾಡಿಗೆ ತಕ್ಕದ್ದು. ಬಟ್ಟೆಗೆ ನಮೂದಿಸಿರುವ ಮಿಲಿಮೀಟರ್ ಲೆಕ್ಕವೆಂದರೆ, ಅಷ್ಟು ಎತ್ತರದ ನೀರಿನ ಒತ್ತಡವನ್ನು ಅದು ಸೋರದೆ ತಡೆಯಬಲ್ಲುದು ಎಂದರ್ಥ. ಹೊದಿಕೆಗೆ 1500 ಸಾಕೆನ್ನುತ್ತಾರೆ. ಮೊಣಕಾಲೂರುವ ನೆಲಹಾಸಿಗೆ ಹೆಚ್ಚಿರಲಿ. ಎರಡು ಪದರವಿದ್ದರೆ ನಮ್ಮ ಉಸಿರಿನ ತೇವ ಹೊರಪದರದಲ್ಲಿ ಹನಿಗಟ್ಟಿದರೂ ಮೈಗೆ ತಾಗದು.

“ಇಬ್ಬರಿಗೆ” ಎಂಬ ಬರಹವನ್ನು ನಂಬಬೇಡಿ. ಸಾಮಾನ್ಯ ಹಾಸಿಗೆಯ ಅಗಲ 51 ಸೆಂಟಿಮೀಟರ್. ಎರಡು ಹಾಸಿಗೆಗಳ ಪಕ್ಕದಲ್ಲಿ ಚೀಲಕ್ಕೂ ಜಾಗ ಬೇಕಿದ್ದರೆ 120ಕ್ಕಿಂತ ಕಿರಿದಾದದ್ದು ಬೇಡ. ಒದ್ದೆ ಬೂಟುಗಳಿಗೆ ಬಾಗಿಲ ಮುಂದೊಂದು ಜಗಲಿಯಿರಲಿ. ಒಳಗೆ ಮಾತ್ರ ಎಂದಿಗೂ ಒಲೆ ಹಚ್ಚಬೇಡಿ: ಬೆಂಕಿಯ ಭಯ ಒಂದಾದರೆ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷ ಇನ್ನೊಂದು.

ತೂಕದಲ್ಲೂ ಒಂದು ಚಮತ್ಕಾರವಿದೆ. ಎದ್ದು ಕಾಣುವಂತೆ ಮುದ್ರಿಸಿದ ತೂಕದಲ್ಲಿ ಗೂಟ, ಹಗ್ಗ, ಚೀಲಗಳು ಸೇರಿರದಿರಬಹುದು; ಒಟ್ಟು ತೂಕವನ್ನೇ ನೋಡಿ. ಬೆನ್ನ ಮೇಲಿನ ಹೊರೆ ದೇಹದ ತೂಕದ ಐದನೆಯ ಒಂದು ಭಾಗ ಮೀರದಿರಲಿ ಎಂಬುದು ರೂಢಿಯ ಲೆಕ್ಕ. ಐವತ್ತು ಕಿಲೋ ತೂಗುವ ನನ್ನ ಹೆಂಡತಿಗೆ ಅದು ಹತ್ತೇ ಕಿಲೋ. ಎರಡು ಕಿಲೋ ಡೇರೆಯಲ್ಲಿ ಬಟ್ಟೆ ನನಗೆ, ಕೋಲು-ಗೂಟ ಅವಳಿಗೆ. ಒಂದು ಕಿಲೋ ಆಸುಪಾಸಿನವೂ ಇವೆ. ಬೆಲೆ ಮಾತ್ರ ಎರಡು ಮೂರು ಪಟ್ಟು.

ಹೊಸದಾಗಿ ಬರುವವರಿಗೆ ಇನ್ನೊಂದು ಎಚ್ಚರಿಕೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸಾಮಾನ್ಯವಾಗಿ ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಡೇರೆ ಹಾಕುವಂತಿಲ್ಲ. ಡಾರ್ಟ್‌ಮೂರಿನ ಸಾರ್ವಜನಿಕ ಬಯಲುಗಳಲ್ಲಿ ಆ ಹಕ್ಕು ಉಂಟೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯೇ ಅವಕಾಶ ಕೊಟ್ಟಿದೆ. ಆದರೂ ಲೋಮಂಡ್ ಸರೋವರದ ದಂಡೆಯ ಕೆಲವೆಡೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರವಾನಗಿ ಬೇಕು.

ದೂರ ಹೊರಡುವ ಮೊದಲು ಮನೆಯ ಹಿತ್ತಿಲಲ್ಲಿ, ಒಡೆಯರ ಅನುಮತಿ ಪಡೆದು, ಜಿನುಗು ಮಳೆಯಲ್ಲೇ ಹೊಸ ಡೇರೆ ಕಟ್ಟಿ ನೋಡಿದೆವು. ಮೊದಲು ಸೂರು ನಿಂತಿತು. ಒಳಗೆ ಹನಿ ಬೀಳಲಿಲ್ಲ. ಫೋನಿನಲ್ಲಿ ನೋಡುತ್ತಿದ್ದ ಅಮ್ಮ ಕೇಳಿದರು: “ಬಾಗಿಲು ಯಾವ ದಿಕ್ಕಿಗೆ?”

ಈ ನಾಡಿನಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಬಾಗಿಲನ್ನು ಅದಕ್ಕೆ ಬೆನ್ನು ಹಾಕಿಸಿದ್ದೆವು. “ಈಶಾನ್ಯಕ್ಕಮ್ಮ” ಎಂದಳು ನನ್ನ ಹೆಂಡತಿ.

“ಹಾಗಾದರೆ ಮಲಗಿ” ಎಂದರು ಅಮ್ಮ.