ಡಾಕ್ಟರನ್ನು ಕೇಳಲಾಗದ್ದು

ಸ್ತನ ಕ್ಯಾನ್ಸರ್ ಆಪರೇಷನ್ ಆದ ಹೆಂಗಸರು ಡಾಕ್ಟರನ್ನು ಕೇಳದ ಪ್ರಶ್ನೆಗಳನ್ನು ನನ್ನನ್ನು ಕೇಳುತ್ತಾರೆ. ನನಗೂ ಅದೇ ಆಪರೇಷನ್ ಆಗಿದೆ, ಅಷ್ಟೇ ನನ್ನ ಅರ್ಹತೆ. "ಅಕ್ಕಾ, ಈ ಟ್ಯೂಬ್ ಇಟ್ಕೊಂಡು ಸ್ನಾನ ಹೆಂಗೆ? ಮದುವೆಮನೆಗೆ ಹೋದ್ರೆ ರವಿಕೆ ಒಂದು ಕಡೆ ಚಪ್ಪಟೆ ಕಾಣಲ್ವಾ?" ಗಂಡ ಪಕ್ಕದಲ್ಲಿದ್ದರೆ ಎರಡನೆಯದು ಬಾಯಿಗೇ ಬರುವುದಿಲ್ಲ. ಹಾಗಾಗಿ ಅವರನ್ನು ಕಾಫಿ ತರಲು ಕಳಿಸುವುದು ನನ್ನ ಮೊದಲ ಕೆಲಸ.

ಆಮೇಲೆ ರವಿಕೆಯ ಒಳಗೆ ಹೊಲಿದ ಜೇಬು ತೋರಿಸುತ್ತೇನೆ. ಗಾಯ ಹಸಿಯಾಗಿರುವಾಗ ಹತ್ತಿಯ ಹಗುರ ಮೆತ್ತೆ ಸಾಕು; ಸಿಲಿಕೋನಿನದು ಪೂರ್ತಿ ಮಾಗಿದ ಮೇಲೆ. ಟ್ಯೂಬಿನ ಡ್ರೈನ್ ಡಬ್ಬಿಯನ್ನು ಹೆಗಲಿನ ಬಟ್ಟೆಚೀಲದಲ್ಲಿಟ್ಟರೆ ಜಗ್ಗುವುದಿಲ್ಲ. ಡಾಕ್ಟರ್ ಒಪ್ಪಿದ ಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಬೇಕು, ಇಲ್ಲದಿದ್ದರೆ ಭುಜ ಬಿಗಿಯುತ್ತದೆ. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ವರ್ಷಗಳ ನಂತರವೂ ಆ ಕೈ ಬಾತುಕೊಳ್ಳಬಹುದು. ಆ ಕೈಯ ಬಳೆ ಬಿಗಿಯಾಯಿತೆಂದರೆ ಅಸಡ್ಡೆ ಮಾಡದೆ ತೋರಿಸಿ.

ಹೀಗೆ ರೋಗಿಯೇ ರೋಗಿಗೆ ಆಸರೆಯಾಗುವುದು ಹೊಸದೇನಲ್ಲ. ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ 1952ರಲ್ಲಿ ಸ್ತನ ತೆಗೆಸಿಕೊಂಡ ಮೇಲೆ ಕೈ ವ್ಯಾಯಾಮಕ್ಕೆ ಹಗ್ಗ, ಚೆಂಡು, ಜೊತೆಗೊಂದು ತಾತ್ಕಾಲಿಕ ಮೆತ್ತೆ ಹಿಡಿದು ಇತರರ ಹಾಸಿಗೆಯ ಬಳಿ ಹೋಗತೊಡಗಿದರು. ಕೆಲವು ವೈದ್ಯರಿಗೆ ಇದು ಸರಿಬೀಳಲಿಲ್ಲ. ಆದರೂ 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಅವರ 'ರೀಚ್ ಟು ರಿಕವರಿ'ಯನ್ನು ತನ್ನ ಕಾರ್ಯಕ್ರಮವಾಗಿಸಿಕೊಂಡಿತು.

ಕೀಮೋದಲ್ಲಿ ಉದುರಿದ ಕೂದಲು ಬಹುಪಾಲು ಮತ್ತೆ ಬರುತ್ತದೆ ಎಂದರೆ ಯಾರೂ ನಂಬುವುದಿಲ್ಲ, ನನ್ನ ಗುಂಗುರು ಜಡೆ ಎಳೆದು ನೋಡುತ್ತಾರೆ. "ನಿಮಗೆ ವಾಸಿಯಾಗುತ್ತೆ" ಅಂತ ಮಾತ್ರ ಹೇಳುವುದಿಲ್ಲ. ಒಬ್ಬೊಬ್ಬರ ಗೆಡ್ಡೆ ಒಂದೊಂದು ಥರ. ಔಷಧಿಯ ಪ್ರಶ್ನೆ ಬಂದರೆ ನೇರ ನರ್ಸಮ್ಮನ ಕಡೆ ಕೈ ತೋರಿಸುತ್ತೇನೆ.